ತೂಕದ ಮಾತು

ಒಂದು ವಾರದಿಂದ ಚಿತ್ರಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಪಕ್ಕದ ಫೋಟೋ ಫ್ರೇಮ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಬಾಗಿಲು ಸದ್ದಾದರೆ ಸಾಕು, ಕತ್ತು ತಿರುಗುತ್ತಿತ್ತು. ಬಂದವರು ಬೇರೆ ಯಾರೋ.

ಬರಬೇಕಾದವನು ಗುರುಬಸವ, ಹಾವೇರಿ ಕಡೆಯಿಂದ ಬಂದು ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಮೇಷ್ಟ್ರು. ಸೇನಾ ತರಬೇತಿ ಶಿಬಿರಗಳ ಹಳೇ ಪೋಸ್ಟ್‌ಕಾರ್ಡ್‌ಗಳೆಂದರೆ ಅವನಿಗೆ ಹುಚ್ಚು. ಸಾಲು ಡೇರೆಗಳು, ಕವಾಯತಿನ ಮೈದಾನ, ದೊಗಲೆ ಚಡ್ಡಿಯ ಹೊಸ ಸಿಪಾಯಿಗಳು. ಫ್ರೇಮ್ ಹಾಕಿಸಲು ಒಂದೊಂದನ್ನೇ ತರುತ್ತಿದ್ದ. ಎಲ್ಲ ಒಟ್ಟಿಗೇ ತಂದರೆ ಮತ್ತೆ ಬರಲು ನೆಪ ಬೇಕಲ್ಲ! ಚಿತ್ರಾ ಏನು ಕಡಿಮೆಯೇ? ಚಿಟಿಕೆ ಹೊಡೆಯುವುದರಲ್ಲಿ ಮುಗಿಯುವ ಕೆಲಸಕ್ಕೂ "ನಾಳೆ ಬನ್ನಿ" ಎನ್ನುತ್ತಿದ್ದಳು.

ಹೋದ ವಾರ ಅವನು ಕಾರ್ಡಿನಿಂದ ಕಣ್ಣೆತ್ತದೆಯೇ ಕೇಳಿಬಿಟ್ಟಿದ್ದ.

"ನನ್ನ ಮದುವಿ ಆಗ್ತೀರೇನ್ರಿ?"

ಗಾಬರಿಗೆ ಚಿತ್ರಾಳ ಬಾಯಿಗೆ ಮನೆಯ ತುಳುವೇ ಬಂತು.

"ತೂಕ."

ಅವನ ಮುಖ ಸಪ್ಪಗಾಯಿತು. ಕಾರ್ಡನ್ನು ಅಲ್ಲೇ ಬಿಟ್ಟು ಹೋದವನು ಈ ಕಡೆ ತಲೆ ಹಾಕಿರಲಿಲ್ಲ.

ಇವತ್ತು ಪಕ್ಕದ ಮೊಬೈಲ್ ಅಂಗಡಿಯ ನೌಫಲ್ ಇಣುಕಿದ. "ನಿಮ್ಮ ಮೇಷ್ಟ್ರಿಗೆ ಊರಲ್ಲೇ ಕೆಲಸ ಸಿಕ್ಕಿತಂತೆ. ಬ್ಯಾಗ್ ಹಿಡ್ಕೊಂಡು ಹುಬ್ಬಳ್ಳಿ ಬಸ್ಸಿಗೆ ನಿಂತಿದ್ದಾರೆ."

ಚಿತ್ರಾ ಫ್ರೇಮ್ ಹಾಕಿಟ್ಟಿದ್ದ ಕಾರ್ಡನ್ನು ಎತ್ತಿಕೊಂಡು ಓಡಿದಳು.

"ಎಂತ ಮಾರಾಯ್ರೆ, ಒಂದು ಮಾತು ಹೇಳದೆ ಹೋಗುದಾ?"

"ನೀವ ಹೇಳಿದ್ರಲ್ಲರಿ, ತೂಕ ಅಂತ." ಅವನು ಹೊಟ್ಟೆ ಒಳಗೆಳೆದುಕೊಂಡ. "ಮಿಲಿಟ್ರಿ ಸೇರಾಕ ಹೋದಾಗೂ ತೂಕ ಜಾಸ್ತಿ ಅಂತ ಹೊಳ್ಳಿ ಕಳಿಸಿದ್ರು. ಈ ಕಾರ್ಡ್ ನೋಡ್ಕೋತ ಸಮಾಧಾನ ಮಾಡ್ಕೊಂಡಿದ್ದೆ. ನೀವೂ ಅದನ್ನ ಅಂದ ಮ್ಯಾಲೆ..."

ಚಿತ್ರಾಳಿಗೆ ನಗುವೂ ಬಂತು, ಅಳುವೂ ಬಂತು. ಒಂದು ವಾರ ಇಬ್ಬರ ನಿದ್ದೆಯೂ ಕೆಟ್ಟದ್ದು ಇಷ್ಟಕ್ಕಾ!

"ಅಯ್ಯೋ ದೇವರೇ! ತುಳುವಿನಲ್ಲಿ ತೂಕ ಅಂದ್ರೆ 'ನೋಡುವ' ಅಂತ!"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಹಾವೇರಿ, ಹುಬ್ಬಳ್ಳಿ ಎಂದು ಕೂಗತೊಡಗಿದ. ಗುರುಬಸವ ಮಾತ್ರ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದ.

"ಹಂಗಾದ್ರ... ನೋಡಿದ್ರೇನ್ರಿ?"

"ನೋಡಿ ಆಯ್ತು." ನಾಚಿಕೆಗೆ ಮತ್ತೆ ತುಳುವೇ ಹೊರಬಿತ್ತು. "ಆವು."

"ಹಾವ? ಎಲ್ಲೈತ್ರಿ?"

ಬ್ಯಾಗ್ ಬಿಸಾಕಿ ಅವನು ಬೆಂಚು ಹತ್ತಿದ. ಹುಬ್ಬಳ್ಳಿ ಬಸ್ಸು ಅವನನ್ನು ಬಿಟ್ಟು ಹೊರಟೇಹೋಯಿತು.

ಚಿತ್ರಾ ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಇಳಿಯಿರಿ ಮಾರಾಯ್ರೆ. ಆವು ಅಂದ್ರೆ, ಆಗಬಹುದು ಅಂತ."