ಬೆಲ್ಲ, ನೀರು, ಪಾಸ್‌ವರ್ಡ್

"ಮಾಷ್ಟ್ರೇ, ಒಂದು ನಿಮಿಷ ನಿಲ್ಲಿ!"

ಹಾಲಿನ ಸೊಸೈಟಿಯ ಮೆಟ್ಟಿಲಲ್ಲಿ ಜಿತೇಶ್ ನಿಂತ. ಗುರುವಾಯನಕೆರೆಯ ಶಾಲೆಗೆ ಚಿತ್ರಕಲೆ ಕಲಿಸಲು ಬಂದವನು. ಸ್ವರ್ಣಲತಕ್ಕನ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದ. ಅವನು ತನ್ನ ಅಂಗಳದ ದಾಸವಾಳಕ್ಕೆ ನೀರು ಹಾಕುವಾಗ ಕಾಂಪೌಂಡಿನ ಆಚೆ ಆ ಮನೆಯ ಮಗಳು ಪ್ರಾಪ್ತಿ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತಿದ್ದಳು. ಒಂದು ಅರ್ಧ ನಗು, ಅಷ್ಟೇ. ಅವಳು ಬಾಯಿ ಬಿಟ್ಟು ಮಾತಾಡಿಸಿದ್ದು ಇದೇ ಮೊದಲು.

ಪ್ರಾಪ್ತಿ ತನ್ನ ಫೋನನ್ನು ಅವನ ಮುಖದ ಮುಂದೆ ಹಿಡಿದಳು.

"ಇದು ನಿಮ್ಮ ಹೆಸರೇ ಅಲ್ವಾ? ನಮ್ಮ ಮನೆಯ ವೈಫೈಗೆ ಸೇರಿಕೊಂಡ ಫೋನುಗಳು ಇವು. ನೋಡಿ, ಜಿತೇಶ್!"

"ಹೌದು... ನನ್ನದೇ."

"ನಾನು ನಿಮಗೆ ಪಾಸ್‌ವರ್ಡ್ ಕೊಟ್ಟಿದ್ದೇನಾ?"

"ನೀವು ಕೊಟ್ಟಿಲ್ಲ."

"ಮತ್ತೆ ಹೇಗೆ ಸಿಕ್ಕಿತು?"

ಅವನು ಹಾಲಿನ ಕ್ಯಾನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಹಾಲು ಅಳೆಯುವವರ ಕೈ ನಿಂತಿತು. ಪಕ್ಕದ ಗೂಡಂಗಡಿಯ ಬಾವಾಕ ಚಾ ಸೋಸುವುದನ್ನು ಬಿಟ್ಟು ಕತ್ತು ಚಾಚಿದರು.

"ದುಬೈ, ಮಸ್ಕತ್‌ನ ಮಕ್ಕಳಿಗೆ ಸಂಜೆ ಕನ್ನಡ ಕಲಿಸಿ ನಾನು ಮನೆ ನಡೆಸ್ತೇನೆ. ದಿನವೂ ಪಾಠದ ಮಧ್ಯದಲ್ಲಿ ನೆಟ್ ನಿಲ್ತದೆ. ಇಬ್ಬರು ಮಕ್ಕಳು ಬಿಟ್ಟೇ ಹೋದರು. ಕದಿಯುವುದಕ್ಕೂ ಒಂದು ಮರ್ಯಾದೆ ಬೇಡ್ವಾ?"

ಕದಿಯುವುದು! ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಅದು ಹೆಚ್ಚಾಯಿತೆನಿಸಿತು. ಆದರೆ ಬಿದ್ದ ಹಾಲನ್ನು ಪಾತ್ರೆಗೆ ತುಂಬಲಿಕ್ಕುಂಟೇ?

ಜಿತೇಶ್ ಹಾಲಿನ ಕ್ಯಾನನ್ನು ಕೆಳಗಿಟ್ಟ. ತನ್ನ ಫೋನು ತೆಗೆದು, ಅವಳಿಗೆ ಕಾಣುವಂತೆ ಹಿಡಿದು, ಅವರ ಮನೆಯ ವೈಫೈಯ ಹೆಸರಿನ ಕೆಳಗೆ 'ಮರೆತುಬಿಡು' ಎಂದಿದ್ದಲ್ಲಿ ಒತ್ತಿದ.

"ಇನ್ನು ಸೇರುವುದಿಲ್ಲ. ತಪ್ಪಾಯಿತು."

ಅಷ್ಟು ಹೇಳಿ ತಲೆ ತಗ್ಗಿಸಿ ಹೋದ. ಕ್ಯಾನು ಮೆಟ್ಟಿಲಲ್ಲೇ ಉಳಿಯಿತು.

"ವೈಫೈ ಮಾಷ್ಟ್ರೇ, ಹಾಲು ಮರೆತಿರಿ!" ಬಾವಾಕ ಕೂಗಿದರು. ಎಲ್ಲರೂ ನಕ್ಕರು.

ಪ್ರಾಪ್ತಿಗೆ ಮಾತ್ರ ನಗು ಬರಲಿಲ್ಲ.

* * *

ಅವಳು ಅದೇ ದಿನ ಪಾಸ್‌ವರ್ಡ್ ಬದಲಾಯಿಸಿದಳು. ಹಳೆಯದು 'ಕಪಿಲೆ', ಅದರ ಹಿಂದೆ ಒಂದು ಎರಡು ಮೂರು. ವೈಫೈ ಹಾಕಲು ಬಂದವರು ಏನಿಡಬೇಕೆಂದು ಕೇಳಿದಾಗ, ಮರೆತುಹೋಗದ ಹೆಸರು ಇಡಿ ಎಂದು ಅಮ್ಮ ಹಟ್ಟಿಯ ದನವನ್ನೇ ತೋರಿಸಿದ್ದಳು. ಹೊಸದನ್ನು ಪ್ರಾಪ್ತಿ ಯಾರಿಗೂ ಹೇಳಲಿಲ್ಲ. ಅಮ್ಮನಿಗೂ!

ಪಾಠ ಸರಾಗವಾಗಿ ನಡೆಯತೊಡಗಿತು. ಆದರೆ ಮನೆ ಮಂಕಾಯಿತು. ಪ್ರಾಪ್ತಿ ಬಾಗಿಲು ಹಾಕಿ ಪಾಠಕ್ಕೆ ಕೂತರೆ, ಅಮ್ಮ ಜಗಲಿಯ ಕಂಬಕ್ಕೆ ಒರಗಿ ಕಾಂಪೌಂಡನ್ನೇ ನೋಡುತ್ತ ಕೂರುತ್ತಿದ್ದಳು. ಬಡಿಸಿದ ಅನ್ನ ಹಾಗೆಯೇ ಇರುತ್ತಿತ್ತು.

"ಎಂಥ ಆಯ್ತಮ್ಮ?"

"ಎಂಥದ್ದೂ ಇಲ್ಲ. ಹಸಿವಿಲ್ಲ ಮಾರಾಯ್ತಿ."

ನೀರು ಹಾಕುವವರಿಲ್ಲದೆ ಆಚೆ ಮನೆಯ ದಾಸವಾಳ ಬಾಡುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಅವನ ಗೇಟಿನ ಮುಂದೆ "ವೈಫೈ ಮಾಷ್ಟ್ರು!" ಎಂದು ಕೂಗಿ ಓಡುವುದು ಕೇಳುತ್ತಿತ್ತು. ಕೇಳಿದಾಗಲೆಲ್ಲ ಪ್ರಾಪ್ತಿ ಕಿಟಕಿ ಮುಚ್ಚುತ್ತಿದ್ದಳು. 'ತಪ್ಪು ಅವನದ್ದು... ನಾನೇಕೆ ಅಡಗಬೇಕು?'

ಹೀಗಿರುವಾಗ ಒಂದು ಮಧ್ಯಾಹ್ನ ಗ್ಯಾಸ್ ತರುವ ಹಿಶಾಮ್ ಸಿಲಿಂಡರ್ ಇಳಿಸಿ, ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ಬೆಲ್ಲ ಕಡಿದು ನೀರು ಕುಡಿದ. ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕ, ನಿಮ್ಮ ಕಪಿಲೆ ಯಾಕೆ ಹಿಡೀತಿಲ್ಲ?"

ಪ್ರಾಪ್ತಿ ಬೆಚ್ಚಿದಳು. "ನಿಮಗೆ ಆ ಪಾಸ್‌ವರ್ಡ್ ಹೇಗೆ ಗೊತ್ತು?"

"ಒಳ್ಳೆ ಕಥೆ! ಸ್ವರ್ಣಕ್ಕ ಬೆಲ್ಲ ನೀರಿನೊಟ್ಟಿಗೆ ಅದನ್ನೂ ಕೊಡ್ತಿದ್ರಲ್ಲ? ತೆಂಗಿನಕಾಯಿ ಕೀಳುವವರಿಗೆ ಗೊತ್ತುಂಟು, ಮೀನಿನವರಿಗೆ ಗೊತ್ತುಂಟು. ನಾವೆಲ್ಲ ಗೇಟಿನ ಹೊರಗೆ ನಿಂತು ನಾಲ್ಕು ವಿಡಿಯೊ ನೋಡಿಯೇ ಹೋಗುವುದು."

ಹಿಶಾಮ್ ಹೋದ ಮೇಲೆ ಅವಳು ಅಮ್ಮನ ಕಡೆ ತಿರುಗಿದಳು.

"ಹೌದಾ ಅಮ್ಮ?"

"ಬಂದವರು ಕೇಳ್ತಾರೆ, ಇಲ್ಲ ಅನ್ನುವುದು ಹೇಗೆ? ಬಾವಿ ನೀರಿಗೆ ಬೀಗ ಹಾಕ್ತಾರಾ ಯಾರಾದರೂ?"

ಪ್ರಾಪ್ತಿಗೆ ಅಂದು ಫೋನಿನಲ್ಲಿ ಕಂಡ ಪಟ್ಟಿ ನೆನಪಾಯಿತು. ಆ ಪಟ್ಟಿಯಲ್ಲಿ ಇನ್ನೂ ಎಷ್ಟೋ ಫೋನುಗಳಿದ್ದವು. ಯಾವುದಕ್ಕೂ ಹೆಸರಿರಲಿಲ್ಲ. ಬರೀ ಅಕ್ಷರ, ಅಂಕಿ... ಮನೆಯ ಟಿವಿಯೋ ಮತ್ತೊಂದೋ ಎಂದುಕೊಂಡಿದ್ದಳು. ಫೋನಿಗೆ ತನ್ನ ಹೆಸರಿಟ್ಟುಕೊಂಡವನು ಒಬ್ಬನೇ. ಸಿಕ್ಕಿಬಿದ್ದವನೂ ಅವನೊಬ್ಬನೇ!

"ಹಾಗಾದರೆ ಮಾಷ್ಟ್ರಿಗೂ ನೀನೇ ಕೊಟ್ಟದ್ದು. ಅವರು ಅದನ್ನು ಅಲ್ಲೇ ಹೇಳಬಹುದಿತ್ತಲ್ಲ! ಯಾಕೆ ಬಾಯಿ ಬಿಡಲಿಲ್ಲ?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನೇ ಆಣೆ ಹಾಕಿಸಿದ್ದೆ, ನಿನಗೆ ಹೇಳಬಾರದು ಅಂತ. ಸಂಜೆ ನೀನು ಬಾಗಿಲು ಹಾಕಿದ ಮೇಲೆ ನಾನು ಅವರ ಜಗಲಿಗೆ ಹೋಗ್ತಿದ್ದೆ. ನನ್ನದು ಬಟನ್ ಫೋನು, ಮುಖ ಕಾಣುವುದಿಲ್ಲ. ಅವರ ಫೋನಿಗೆ ಇಲ್ಲಿ ರೇಂಜ್ ಇಲ್ಲ. ಅದಕ್ಕೇ ಅದರಲ್ಲಿ ನಮ್ಮ ವೈಫೈ ಹಾಕಿಸಿದ್ದು..."

"ಯಾರ ಮುಖ ನೋಡ್ಲಿಕ್ಕೆ?"

"ವಿಸ್ಮಿತಾಳದ್ದು."

ಆ ಹೆಸರು ಆ ಮನೆಯಲ್ಲಿ ಎರಡು ವರ್ಷಗಳಿಂದ ಯಾರ ಬಾಯಿಂದಲೂ ಬಂದಿರಲಿಲ್ಲ. ಅಕ್ಕ ವಿಸ್ಮಿತಾ ಮನೆಯವರು ಒಪ್ಪದ ಹುಡುಗನನ್ನು ಕಟ್ಟಿಕೊಂಡು ಹೋದಳು. ಅದೇ ನೆಪದಲ್ಲಿ ಪ್ರಾಪ್ತಿಗೆ ನಿಶ್ಚಯವಾಗಿದ್ದ ಮದುವೆ ಮುರಿಯಿತು. ಅಂದು ಪ್ರಾಪ್ತಿ ಇದೇ ಜಗಲಿಯಲ್ಲಿ ನಿಂತು, "ಅವಳ ಹೆಸರೆತ್ತಿದರೆ ಈ ಮನೆಯಲ್ಲಿ ನಾನಿರುವುದಿಲ್ಲ!" ಎಂದಿದ್ದಳು. ತಂದೆಯಿಲ್ಲದ ಮನೆ. ಉಳಿದ ಒಬ್ಬ ಮಗಳೂ ಹೋದಾಳೆಂಬ ಹೆದರಿಕೆಗೆ ತಾಯಿ ಬಾಯಿ ಹೊಲಿದುಕೊಂಡಿದ್ದಳು.

"ಇಲ್ಲೇ ಮೂಡುಬಿದಿರೆಯಲ್ಲಿ ಇದ್ದಾಳೆ. ಮಗು ಈಗ ಗೋಡೆ ಹಿಡಿದು ನಡೀತದೆ."

"ಮಗು... ಉಂಟಾ?"

ಪ್ರಾಪ್ತಿ ಅಮ್ಮನ ಪಕ್ಕ ಬಂದು ಕೂತಳು. ಒಂದು ಬಸ್ಸಿನ ದೂರದಲ್ಲಿ ಅಕ್ಕನಿಗೆ ಮಗುವಾಗಿದೆ. ಅಮ್ಮ ಅದನ್ನು ಪಕ್ಕದ ಮನೆಗೆ ಹೋಗಿ, ಕದ್ದು ನೋಡಬೇಕಾಗಿದೆ. ಕಳ್ಳರು ಯಾರು? ಕದಿಯುವಂತೆ ಮಾಡಿದವರು ಯಾರು?

"ಮಾಷ್ಟ್ರು ಈ ಭಾನುವಾರ ಮನೆ ಖಾಲಿ ಮಾಡ್ತಾರಂತೆ," ಅಮ್ಮ ಮೆಲ್ಲಗೆ ಹೇಳಿದಳು. "ಬೆಳ್ತಂಗಡಿಯಲ್ಲಿ ರೂಮು ನೋಡಿದ್ದಾರಂತೆ. ಪಾಪ, ಇಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?"

ಪ್ರಾಪ್ತಿ ಮುಖ ಮುಚ್ಚಿಕೊಂಡಳು. ಅತ್ತು ಮುಗಿದ ಮೇಲೆ ತನ್ನ ಫೋನನ್ನು ಅಮ್ಮನ ಕೈಗೆ ಕೊಟ್ಟಳು.

"ಅಕ್ಕನ ನಂಬ್ರ ಒತ್ತು. ಇಲ್ಲಿ, ನಮ್ಮ ಜಗಲಿಯಲ್ಲೇ ಕೂತು ಮಾತಾಡು. ಆಮೇಲೆ... ನನಗೂ ಕೊಡು."

* * *

ಮರುದಿನ ಬೆಳಿಗ್ಗೆ ಸೊಸೈಟಿಯಲ್ಲಿ ಅವನೂ ಇದ್ದ, ಎಲ್ಲರ ಹಿಂದೆ, ಯಾರ ಮುಖವನ್ನೂ ನೋಡದೆ. ಪ್ರಾಪ್ತಿ ಮೆಟ್ಟಿಲು ಹತ್ತಿ ನಿಂತಳು. ಗುಟ್ಟಾಗಿ ಕ್ಷಮೆ ಕೇಳುವುದು ಸುಲಭ. ಕಾಂಪೌಂಡಿನ ಹತ್ತಿರ ನಿಂತರೆ ಸಾಕಿತ್ತು. ಆದರೆ ಹತ್ತು ಜನರ ಮುಂದೆ ಕಳೆದ ಮಾನವನ್ನು ಕಾಂಪೌಂಡಿನ ಮೇಲಿಂದ ದಾಟಿಸಿದರೆ ತಲುಪುತ್ತದೆಯೇ?

"ಎಲ್ಲರೂ ಒಮ್ಮೆ ಕೇಳಿ," ಎಂದಳು. "ಮಾಷ್ಟ್ರು ಕದ್ದದ್ದಲ್ಲ. ನನ್ನ ಅಮ್ಮ ಕೊಟ್ಟದ್ದು. ಇಲ್ಲಿ ನಿಂತವರಲ್ಲೂ ಅರ್ಧ ಜನಕ್ಕೆ ಕೊಟ್ಟಿದ್ದಾರೆ."

ಇಬ್ಬರು ಮೂವರು ತಮ್ಮ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು.

"ನನ್ನ ಅಕ್ಕ ವಿಸ್ಮಿತಾಳೊಟ್ಟಿಗೆ ಅಮ್ಮ ಮಾತಾಡ್ಲಿ ಅಂತ ಇವರು ತಮ್ಮ ಫೋನು ಕೊಟ್ಟರು. ಅದನ್ನು ಹೇಳಬಾರದು ಅಂತ ನನ್ನ ಬೈಗುಳ ತಿಂದರು. ನಾಚಿಕೆಯಾಗಬೇಕಾದದ್ದು ನನಗೆ... ಆಗ್ತಾ ಉಂಟು."

"ಬೇಡ, ಬಿಡಿ..." ಜಿತೇಶ್‌ನ ಮುಖ ಕೆಂಪಾಗಿತ್ತು.

ಬಾವಾಕ ತಲೆ ಕೆರೆದುಕೊಂಡರು. "ಅಲ್ಲ, ಇನ್ನು ಇವರನ್ನು ಎಂಥ ಅಂತ ಕರೆಯುವುದು ಮಾರಾಯ್ರೆ?"

"ಅವರಿಗೊಂದು ಹೆಸರುಂಟಲ್ಲ ಬಾವಾಕ," ಎಂದಳು ಪ್ರಾಪ್ತಿ. "ಜಿತೇಶ್ ಮಾಷ್ಟ್ರು ಅನ್ನಿ."

* * *

ಸಂಜೆ ಸ್ವರ್ಣಲತಕ್ಕ ಅವನನ್ನು ಕರೆದು ಜಗಲಿಯಲ್ಲಿ ಕೂರಿಸಿದಳು. ಬೆಲ್ಲ ನೀರು ಕೊಟ್ಟಳು. ನಂತರ ದನಕ್ಕೆ ಹುಲ್ಲು ಹಾಕುವ ನೆಪ ಮಾಡಿ ಹಟ್ಟಿಗೆ ಹೋದಳು.

ಪ್ರಾಪ್ತಿ ಬಾಗಿಲ ಪಕ್ಕ ನಿಂತಿದ್ದಳು. ಕಣ್ಣೆತ್ತಲು ಆಗುತ್ತಿರಲಿಲ್ಲ.

"ಒಂದು ಮಾತು ಅಲ್ಲಿ ಹೇಳಲಿಲ್ಲ," ಎಂದಳು. "ಆ ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡಾಗ ನನಗೆ ಮೊದಲು ಬಂದದ್ದು ಕೋಪ ಅಲ್ಲ... ಖುಷಿ. ನಮ್ಮ ಮನೆಯೊಳಗೆ ನಿಮ್ಮ ಹೆಸರು ಇದ್ದ ಹಾಗೆ ಆಯಿತು. ಆ ಖುಷಿಗೆ ನಾಚಿಕೆಯಾಯಿತು. ಒಮ್ಮೆ ಮುರಿದುಹೋದವಳು ನಾನು, ಪುನಃ ಆಸೆ ಪಡುವುದಾ ಅಂತ. ಅದಕ್ಕೇ ಅಷ್ಟು ಗಟ್ಟಿ ಬೈದದ್ದು."

ಅವನು ಲೋಟವನ್ನು ಕೆಳಗಿಟ್ಟ.

"ನಿಮ್ಮ ಪಾಠ ನನ್ನ ಜಗಲಿಗೆ ಕೇಳ್ತದೆ. ಸ್ವರ್ಣಕ್ಕ ಮಗುವಿನೊಟ್ಟಿಗೆ ಮಾತಾಡುವಾಗ ನಾನು ಗೋಡೆಯ ಹತ್ತಿರ ನಿಂತು ಅದನ್ನೇ ಕೇಳ್ತಿದ್ದೆ. ಹಾಗೆ ನೋಡಿದರೆ ಕದ್ದದ್ದು ಸುಳ್ಳಲ್ಲ."

ಅವಳಿಗೆ ಅಳುವಿನ ನಡುವೆ ನಗು ಬಂತು.

"ಈಗ ವೈಫೈ ಎರಡು ಮಾಡಿದ್ದೇನೆ. ಬಂದು ಹೋಗುವವರಿಗೆ ಒಂದು, ಅದಕ್ಕೆ 'ಚಾವಡಿ' ಅಂತ ಹೆಸರು. ಅಮ್ಮ ಯಾರಿಗೆ ಬೇಕಾದರೂ ಕೊಡ್ಲಿ, ನನ್ನ ಪಾಠ ನಿಲ್ಲುವುದಿಲ್ಲ. ಮನೆಯವರಿಗೆ ಇನ್ನೊಂದು. ಅದು 'ಒಳಮನೆ'."

ಜಿತೇಶ್ ಫೋನು ತೆಗೆದ. "ಹಾಗಾದರೆ ಚಾವಡಿಯದ್ದು ಹೇಳಿ. ಭಾನುವಾರದವರೆಗೆ ಸಾಕು."

"ಅದು ನಿಮಗಲ್ಲ." ಅವಳು ಕೈ ಚಾಚಿದಳು. "ಫೋನು ಕೊಡಿ. ಒಳಮನೆಯದ್ದನ್ನು ನಾನೇ ಒತ್ತಿ ಕೊಡ್ತೇನೆ."

ಅವನ ಕೈ ಅರೆಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಫೋನು ಅವಳ ಅಂಗೈಗೆ ಬಂತು. ಒತ್ತುವಾಗ ಅವಳ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಸೇರಿತು.

"ಇನ್ನು... ಮರೆತುಬಿಡು ಅಂತ ಒತ್ತಬೇಡಿ," ಎಂದಳು.

"ಆ ದಿನವೂ ಮರೆತದ್ದು ಫೋನು ಮಾತ್ರ, ನಾನಲ್ಲ," ಎಂದ ಅವನು.