ನಲವತ್ತರಲ್ಲಿ ಐದು ಕಾರ್ಡು

"ಅಂಗಡೀಲಿ ಇಸ್ಪೀಟು ಆಡ್ಸೋ ಹಾಗಿಲ್ಲ ಮೇಡಂ."

ಶಿವಕಿರಣ್ ನನಗೆ ಹೇಳಿದ ಮೊದಲ ಮಾತು ಇದು. ಲಷ್ಕರ್ ಮೊಹಲ್ಲಾದ ಅವರ ಗ್ರಂಧಿಗೆ ಅಂಗಡಿಗೆ ನಾನು ಕಾರ್ಡುಗಳ ಡಬ್ಬಿ ಹಿಡಿದು ಹೋಗಿದ್ದೆ. ಪೂಜೆಗೆ, ಮದುವೆಗೆ, ಮಣ್ಣಿಗೆ, ಎಲ್ಲಕ್ಕೂ ಸಾಮಾನು ಸಿಗುವ ಅಂಗಡಿ. 2006ರಲ್ಲಿ ಅವರಪ್ಪನಿಗೆ ವೆಬ್‌ಸೈಟಿನ ಹುಚ್ಚು ಹತ್ತಿತ್ತು. ಅದನ್ನು ಮಾಡಿಕೊಡುವ ಕಂಪನಿಯವಳು ನಾನು, ಸುಷ್ಮಾ.

"ಇಸ್ಪೀಟಲ್ಲ ಕಣ್ರೀ. ಒಂದೊಂದು ಕಾರ್ಡಲ್ಲಿ ಒಂದೊಂದು ಸಾಮಾನಿನ ಹೆಸರಿದೆ. ನಿಮ್ಮ ಗಿರಾಕಿಗಳು ತಮಗೆ ತೋಚಿದ ಹಾಗೆ ಗುಂಪು ಮಾಡ್ಲಿ. ಅದೇ ಥರ ಸೈಟಲ್ಲಿ ಪುಟ ಮಾಡ್ತೀವಿ."

ಅವರು ನಕ್ಕರು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ನೋಡಿದೆ, ಅಷ್ಟೇ. ನನ್ನ ಗಂಡ ಕಾಮಾಲೆಯಲ್ಲಿ ಹೋಗಿ ಎರಡು ವರ್ಷವಾಗಿತ್ತು. ಅತ್ತು ಮುಗಿದ ಮೇಲೆ ನನಗೆ ಏನೂ ಅನ್ನಿಸುವುದೇ ನಿಂತುಹೋಗಿತ್ತು. ಉಂಡರೆ ಹೊಟ್ಟೆ ತುಂಬುತ್ತಿತ್ತು, ರುಚಿ ಗೊತ್ತಾಗುತ್ತಿರಲಿಲ್ಲ.

ಮೊದಲ ದಿನ ಕೂತವರು ನಮ್ಮ ಬೀದಿಯ ಮಂಗಳಮ್ಮ. ವಿಭೂತಿಯ ಕಾರ್ಡು ಹಿಡಿದು, "ಇದು ಎಲ್ಲಾ ಗುಂಪಿಗೂ ಬೇಕು ಕಣಮ್ಮ, ಇನ್ನೂ ನಾಕು ಬರ್ಕೊಡು" ಎಂದು ಪಟ್ಟು ಹಿಡಿದರು. ಶಿವಕಿರಣ್ ನನ್ನ ಕಡೆ ಓರೆಗಣ್ಣಲ್ಲಿ ನೋಡಿ ನಗು ನುಂಗಿಕೊಂಡರು. ಹೋಗುವಾಗ ಮಂಗಳಮ್ಮ ಶಿವಕಿರಣ್ ಕಿವಿಯಲ್ಲಿ ಏನೋ ಪಿಸುಗುಟ್ಟಿದರು.

ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟುಬರುತ್ತಿದ್ದೆ. ಮತ್ತೆ ಐದು ದಿನ, ನಾನು ಹೋಗುವಷ್ಟರಲ್ಲಿ ಅವರು ಸ್ಟೂಲ್ ಒರೆಸಿ, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿರುತ್ತಿದ್ದರು.

"ಇವತ್ತು ಹಸಿರು ಸೀರೆ."

"ಹೌದು."

"ನಿನ್ನೆ ನೀಲಿ ಇತ್ತು."

"ಹೌದು."

"ಮೇಡಂ, ಹೌದು ಬಿಟ್ಟು ಬೇರೆ ಏನಾದ್ರೂ ಹೇಳ್ತೀರಾ?"

"ಇಲ್ಲ."

ಅವರು ನಕ್ಕ ರಭಸಕ್ಕೆ ಊದುಬತ್ತಿ ಪ್ಯಾಕೆಟ್ಟುಗಳು ಕೆಳಗೆ ಬಿದ್ದವು. ನಾನು ಎತ್ತಿಕೊಟ್ಟೆ.

ಶನಿವಾರ ಆಫೀಸಿನಲ್ಲಿ ಲಕ್ಷ್ಮೀನರಸಿಂಹ ಸಾರ್ ನನ್ನ ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಏನಮ್ಮ ಇದು? ಮೊದಲನೇವ್ರು ಬಿಟ್ರೆ ಮಿಕ್ಕೋರ್ಯಾರೂ ಅರಿಶಿನ ಕುಂಕುಮ ಮುಟ್ಟೇ ಇಲ್ವಲ್ಲ! ಸೋಮವಾರ ಅಂಗಡಿಯೋರಿಗೆ ಇದನ್ನ ತೋರಿಸಿದ್ರೆ ಕೆಲಸಾನೇ ಕೈಬಿಟ್ಟುಹೋಗುತ್ತೆ."

ಅಂಗಡಿಗೆ ಓಡಿ ಡಬ್ಬಿ ತೆಗೆದು ಎಣಿಸಿದೆ. ನಲವತ್ತರಲ್ಲಿ ಮೂವತ್ತೈದೇ ಇದ್ದವು. ಅರಿಶಿನ, ಕುಂಕುಮ, ಹಸಿರು ಬಳೆ, ಕರಿಮಣಿ, ಬಾಸಿಂಗ ಇರಲಿಲ್ಲ. ಐದು ದಿನ ಎದುರಿಗೇ ಕೂತು ಬರೆದುಕೊಂಡವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಶಿವಕಿರಣ್ ಮುಖ ಸಪ್ಪಗಾಯಿತು. ಷರಟಿನ ಜೇಬಿನಿಂದ ಐದು ಕಾರ್ಡು ತೆಗೆದು ನನ್ನ ಮುಂದಿಟ್ಟರು.

"ಮಂಗಳಮ್ಮನೋರು ನಿಮ್ಮ ವಿಷ್ಯ ಹೇಳಿದ್ರು. ದಿನಾ ಇವನ್ನ ಕೈಯಲ್ಲಿ ಹಿಡೀಬೇಕಲ್ಲ, ನಿಮಗೆ ನೋವಾಗುತ್ತೆ ಅಂತ ತೆಗೆದಿಟ್ಬುಟ್ಟೆ."

"ಯಾರ್ರೀ ನಿಮ್ಮನ್ನ ಕೇಳಿದ್ದು?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮಾಡಿದ ಕೆಲಸ ಎಲ್ಲಾ ಹಾಳು! ಕುಂಕುಮ ಅಂತ ಬರೆದಿರೋದು ನೋಡಿದ್ರೆ ಸತ್ತೋಗ್ತೀನಾ ನಾನು? ಎಲ್ರೂ ನನ್ನ ಮುಂದೆ ಹೀಗೇ ಬಚ್ಚಿಡ್ತಾರೆ. ನೀವೂನಾ?"

ಕಿವಿ ಬಿಸಿಯಾಗಿತ್ತು. ಅಯ್ಯೋ, ನನಗೆ ಕೋಪ ಬಂದಿತ್ತು! ಎರಡು ವರ್ಷದಲ್ಲಿ ಮೊದಲನೇ ಸಲ. 'ನೀವೂನಾ' ಎಂದೆನಲ್ಲ, ಎಲ್ಲರ ಸಾಲಿನಲ್ಲಿ ಇವರನ್ನು ನಾನು ಸೇರಿಸಿಯೇ ಇರಲಿಲ್ಲ ಎಂದು ಆಗ ತಿಳಿಯಿತು.

"ತಪ್ಪಾಯ್ತು" ಎಂದರು. "ಇಷ್ಟಪಟ್ಟೋರಿಗೆ ನೋವಾಗ್ಬಾರ್ದು ಅನ್ನೋದು ಬಿಟ್ಟು ಬೇರೇನೂ ತೋಚ್ಲಿಲ್ಲ."

ಹೇಳಿಬಿಟ್ಟು ತಲೆ ತಗ್ಗಿಸಿದರು.

"ನಂಗೆ ಇನ್ನೂ ಇಷ್ಟ ಅಂತ ಏನೂ ಅನ್ನಿಸ್ತಿಲ್ಲ ಶಿವಕಿರಣ್, ಸುಳ್ಳು ಹೇಳಲ್ಲ. ಕೋಪ ಬಂದಿದೆ. ಅದೂ ನಿಮ್ಮೊಬ್ಬರ ಮೇಲೆ."

"ಅಷ್ಟಾದ್ರೂ ಸಾಕು."

"ನಾಳೆ ಒಂದೇ ದಿನದಲ್ಲಿ ಎಲ್ಲಾ ಮೊದಲಿಂದ ಮಾಡ್ಬೇಕು. ಅಂಗಡಿ ಇರುತ್ತಾ?"

"ಭಾನುವಾರ ರಜ. ತೆಗೀತೀನಿ. ಗಿರಾಕಿಗಳನ್ನೂ ಮನೆಮನೆಗೆ ಹೋಗಿ ಕರ್ಕೊಂಡು ಬರ್ತೀನಿ. ನೀವು ಬಯ್ಯೋಕಾದ್ರೂ ಬೇಗ ಬನ್ನಿ."

ಹತ್ತಕ್ಕೆ ಬರುತ್ತೇನೆ ಎಂದು ಹೇಳಿದ್ದೆ. ಎಂಟಕ್ಕೇ ಹೋದೆ.