ಪಾಪುವಿನ ಕಿವಿಗೆ ಒಂದು ಹೆಸರು

"ನಾಳೆ ಪಾಪು ಕಿವೀಲಿ ಹೆಸರು ಹೇಳೋದು ನಾನೇ ಅಲ್ವಾ? ವಾಲ್ಟರ್ ಅಂತ ಹೇಳಿಬಿಡ್ತೀನಿ!"

ಪಾಪುವಿಗೆ ಡಯಪರ್ ಕಟ್ಟುತ್ತಿದ್ದ ಅಮ್ಮ ತಲೆಯೆತ್ತಿದಳು. "ಏನೇ ಪಂಕಜಾ, ತಲೆ ಕೆಟ್ಟಿದೆಯಾ? ಹೇಳಬೇಕಾದವರು ನಿನ್ನ ಸೋದರತ್ತೆ. ಅವರು ಮೈಸೂರಲ್ಲಿದ್ದಾರೆ, ಈ ದೇಶಕ್ಕೆ ಬರೋಕಾಗಲ್ಲ ಅಂತ ನಿನಗೆ ಬಿಟ್ಟಿದ್ದೀವಿ. ತಾತನ ಹೆಸರನ್ನೇ ಹೇಳಬೇಕು."

"ಅದು ಟೂ ಲಾಂಗ್, ಅಮ್ಮ! ಸ್ಕೂಲಲ್ಲಿ ನನ್ನನ್ನೇ ಪ್ಯಾನ್‌ಕೇಕ್ ಅಂತಾರೆ. ಇನ್ನು ಇವನನ್ನ ಬಿಡ್ತಾರಾ? ವಾಲ್ಟರ್ ಅಂದ್ರೆ ಯಾರೂ ನಗಲ್ಲ."

ವಾಲ್ಟರ್ ಅಂದರೆ ಪಕ್ಕದ ಮನೆಯ ಅಂಕಲ್. ಇವರಿದ್ದ ಮೆಟುಚೆನ್ ಊರಿನ ರೈಲ್ವೆ ಸ್ಟೇಷನ್ ಹತ್ತಿರ ಬೇಕರಿ ಇಟ್ಟಿದ್ದವರು. ಬೇಲಿಯಾಚೆ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ಪಂಕಜಾ ಅಲ್ಲಿಗೆ ಓಡಿದಳು.

"ಅಂಕಲ್, ನಿಮ್ಮ ಹೆಸರಿಗೆ ಅರ್ಥ ಇದೆಯಾ?"

"ಇಲ್ಲದೆ ಏನು! ಹಳೇ ಜರ್ಮನ್ ಹೆಸರು. ಸೈನ್ಯವನ್ನು ಆಳುವವನು ಅಂತ."

"ನೀವು ಆರ್ಮೀಲಿದ್ರಾ?"

"ಇದ್ದೆ. ಆಲೂಗಡ್ಡೆ ಸಿಪ್ಪೆ ಸುಲೀತಿದ್ದೆ."

ಪಂಕಜಾ ಕಿಸಕ್ಕನೆ ನಕ್ಕಳು. "ಮತ್ತೆ ಯಾಕೆ ಆ ಹೆಸರಿಟ್ರು?"

"ಅರ್ಥ ಯಾರು ನೋಡಿದರು? ಅದು ನಮ್ಮಮ್ಮನ ಅಪ್ಪನ ಹೆಸರು. ಅವರು ಜರ್ಮನಿಯಲ್ಲೇ ಉಳಿದರು. ಅಮ್ಮ ಮತ್ತೆ ಅವರನ್ನು ನೋಡಲೇ ಇಲ್ಲ." ಅಂಕಲ್ ದಾರದ ಗಂಟು ಬಿಗಿದರು. "ನಾನು ಪಕ್ಕದಲ್ಲೇ ಕೂತಿದ್ದರೂ 'ವಾಲ್ಟರ್!' ಅಂತ ಕೂಗುತ್ತಿದ್ದಳು. ಏನಮ್ಮ ಅಂದರೆ, ಏನಿಲ್ಲ ಅನ್ನೋಳು."

ಆ ಸಂಜೆ ಪಂಕಜಾ ಮನೆಯ ಮಾತುಗಳಿಗೆ ಕಿವಿಗೊಟ್ಟು ಕೂತಳು. ತಾತ ತೀರಿಹೋದ ಸುದ್ದಿ ಕಳೆದ ವರ್ಷ ಟೆಲಿಗ್ರಾಂನಲ್ಲಿ ಬಂದಿತ್ತು. ಅಪ್ಪನಿಗೆ ಮೈಸೂರಿಗೆ ಹೋಗಲು ಆಗಿರಲಿಲ್ಲ. ಅಪ್ಪ "ನಮ್ಮಪ್ಪ" ಅನ್ನುತ್ತಿದ್ದರು. ಅಮ್ಮ "ಮಾವನವರು" ಅನ್ನುತ್ತಿದ್ದಳು. ಸೊಸೆ ಮಾವನ ಹೆಸರು ಹೇಳಬಾರದಂತೆ. ಹಾಗಾದರೆ ಈ ಮನೆಯಲ್ಲಿ ತಾತನ ಹೆಸರು ಹೇಳುವವರು ಯಾರು?

ಮರುದಿನ ಲಾಂಡ್ರಿ ಬುಟ್ಟಿಗೆ ರೇಷ್ಮೆ ಸೀರೆ ಹಾಸಿ ತೊಟ್ಟಿಲು ಮಾಡಿದರು. ಬೆಲ್‌ರೋಸ್ ಊರಿನಿಂದ ಬಂದ ರಮಾಮಣಿ ಆಂಟಿ ಜೋಗುಳ ಹಾಡಿದರು. ಆಮೇಲೆ ಪಂಕಜಾಳನ್ನು ಕರೆದರು.

ಅವಳು ಬಗ್ಗಿದಳು. ಅಮ್ಮ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಕೃಷ್ಣಸ್ವಾಮಿ."

ಮೆಲ್ಲಗೇ ಹೇಳಿದ್ದಳು. ಆದರೂ ಕ್ಯಾಮೆರಾ ಹಿಡಿದು ನಿಂತಿದ್ದ ಅಪ್ಪ ಫೋಟೋ ತೆಗೆಯಲಿಲ್ಲ. ಯಾರೋ ಬಂದರೇನೋ ಅನ್ನುವ ಹಾಗೆ ಬಾಗಿಲ ಕಡೆ ನೋಡಿದರು.

"ಆಯ್ತಲ್ಲ, ಏಳು ಮರಿ," ಎಂದರು ಆಂಟಿ.

"ಇನ್ನೊಂದು ಸಲ, ಆಂಟಿ."

ಪಂಕಜಾ ಮತ್ತೆ ಹೇಳಿದಳು, ಈ ಸಲ ಅಪ್ಪನಿಗೆ ಚೆನ್ನಾಗಿ ಕೇಳುವ ಹಾಗೆ.